ಎಲಿವೇಶನ್ ಚೆನ್ನಾಗಿದೆ, ಮೇ ಮುಗಿಯುವ ತನಕ

ಮಡಿಕೇರಿಯಲ್ಲಿ ಮಾರುಕಟ್ಟೆ ಕಡೆಗೆ ಇಳಿಯುವಾಗ ಬೂದು ಹಲಗೆಗಳ ಮುಖ, ಅದರ ನಡುವೆ ಕಿತ್ತಳೆ ಬಣ್ಣದ ಅಡ್ಡಪಟ್ಟಿ, ಮೇಲಿಂದ ಕೆಳಗೆ ಒಂದು ಗಾಜಿನ ಸೀಳು ಇರುವ ವಾಣಿಜ್ಯ ಕಟ್ಟಡವೊಂದು ಸಿಗುತ್ತದೆ. ಅದರ ಮೇಲಂತಸ್ತಿನ ಮೂಲೆ ಮಳಿಗೆಯಲ್ಲಿ ನನ್ನ ಹೊಲಿಗೆ ಅಂಗಡಿ ಇದೆ. ಕಟ್ಟಡ ಹಳೆಯದು, ಮುಖ (ಈಗಿನವರ ಮಾತಿನಲ್ಲಿ ಎಲಿವೇಶನ್) ಮಾತ್ರ ಹೊಸದು. ಆ ಹೊಸ ಮುಖ ಒಂದು ಪೂರ್ತಿ ಮಳೆಗಾಲವನ್ನು ಕಂಡಿರುವುದರಿಂದ ಈಗ ಅದರ ಬಗ್ಗೆ ಬರೆಯಬಹುದು. ಕೆಲಸ ಮುಗಿದ ಮಾರ್ಚಿನಲ್ಲಿ ಯಾರಾದರೂ ಕೇಳಿದ್ದರೆ ಐದರಲ್ಲಿ ನಾಲ್ಕು ಅಂಕ ಕೊಡುತ್ತಿದ್ದೆ. ಈಗ ಎರಡು. ಆ ಎರಡರಲ್ಲಿ ಒಂದು ವಿದ್ಯುತ್ ತಂತಿಗಳಿಗೆ.

ತಂತಿಯ ವಿಷಯವನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಹಿಂದೆ ಕಟ್ಟಡದ ಎದುರು ಕರೆಂಟಿನದು, ಕೇಬಲ್ ಟಿವಿಯದು, ಇಂಟರ್ನೆಟ್ಟಿನದು, ಸತ್ತು ಎಷ್ಟೋ ಕಾಲವಾದ ಟೆಲಿಫೋನಿನದು, ಹೀಗೆ ವಾರಸುದಾರರೇ ಇಲ್ಲದ ತಂತಿಗಳು ಜೋತುಬಿದ್ದಿದ್ದವು. ಈಗ ಎಲ್ಲವೂ ಪೈಪಿನ ಒಳಗೆ ಹೋಗಿವೆ. ಮೀಟರುಗಳು ಮೆಟ್ಟಿಲ ಕೆಳಗೆ ಒಂದೇ ಪೆಟ್ಟಿಗೆಯಲ್ಲಿವೆ. ಅಂಗಡಿಗಳ ನಾಮಫಲಕಗಳು ಒಂದೇ ಎತ್ತರದಲ್ಲಿ, ಒಂದೇ ಅಳತೆಯಲ್ಲಿ ಸಾಲಾಗಿ ನಿಂತಿವೆ. 2024ರ ತಿದ್ದುಪಡಿಯ ಪ್ರಕಾರ ಫಲಕದ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಅದನ್ನೂ ಪಾಲಿಸಿದ್ದಾರೆ. ಇಷ್ಟು ಅಚ್ಚುಕಟ್ಟಾಗಿ ಮಾಡಿದವರು ಉಳಿದದ್ದನ್ನು ಹೇಗೆ ಹಾಗೆ ಮಾಡಿದರು ಎಂಬುದೇ ನನಗೆ ಅರ್ಥವಾಗದ್ದು.

ಹಳೆಯ ಮುಖ ಚಂದವಿತ್ತು ಎಂದು ಸುಳ್ಳು ಹೇಳುವುದಿಲ್ಲ. ಮಂಗಳೂರು ಹಂಚಿನ ಮಾಡು, ಕೆಲವೆಡೆ ಗೆದ್ದಲು ತಿಂದ ಪಕ್ಕಾಸುಗಳು, ಪ್ರತಿ ವರ್ಷ ಬಳಿದರೂ ದೀಪಾವಳಿಗೆ ಮೊದಲೇ ಕಪ್ಪಾಗುವ ಸುಣ್ಣ. ಆದರೆ ಆ ಮಾಡಿನ ಸೂರು ಗೋಡೆಯಿಂದ ಮೂರಡಿ ಹೊರಕ್ಕೆ ಚಾಚಿಕೊಂಡಿತ್ತು. ಕಿಟಕಿಗಳ ತಲೆಯ ಮೇಲೆ ಎರಡಡಿಯ ಸಜ್ಜ ಇತ್ತು. ಕೆಳಗಿನ ಅಂಗಡಿಗಳ ಮುಂದೆ ಜಗಲಿ ಇತ್ತು. ಬಸ್ಸಿಗೆ ಕಾಯುವವರು, ಕೊಡೆ ಮರೆತು ಬಂದವರು, ಏನನ್ನೂ ಕೊಳ್ಳುವ ಉದ್ದೇಶವಿಲ್ಲದವರು ಅಲ್ಲಿ ನಿಲ್ಲುತ್ತಿದ್ದರು. ಕಟ್ಟಡದ ಮುಖ ಪಶ್ಚಿಮಕ್ಕಿದೆ. ನಮ್ಮಲ್ಲಿ ಮುಂಗಾರು ಬರುವುದೂ ಆ ದಿಕ್ಕಿನಿಂದಲೇ. ಗಾಳಿಯ ಜೊತೆ ಅಡ್ಡಡ್ಡಲಾಗಿ ಹೊಡೆಯುವ ಮಳೆ ಅದು. ಕೊಡೆ ಹಿಡಿದವರ ಮೊಣಕಾಲಿನಿಂದ ಕೆಳಗೆಲ್ಲ ನೆನೆದಿರುತ್ತದೆ. ಹಳೆಯ ಮೇಸ್ತ್ರಿಗೆ ಇದು ಗೊತ್ತಿತ್ತು. ಅವನು ಯಾವ ಕಾಲೇಜಿಗೂ ಹೋದವನಲ್ಲದಿರಬಹುದು, ಈ ಊರಿನ ಜುಲೈಯಲ್ಲಿ ನೆನೆದವನಂತೂ ಹೌದು.

ಮಾಲೀಕರು ಒಳ್ಳೆಯವರು. ಕಾಫಿಗೆ ದರ ಬಂದ ವರ್ಷ ಕಟ್ಟಡಕ್ಕೂ ಏನಾದರೂ ಮಾಡಿಸೋಣ ಎಂದು ಹೊರಟರು. ಹೊರಗಿನ ಒಂದು ವಿನ್ಯಾಸ ಕಚೇರಿ ಅವರ ಮೊಬೈಲಿಗೆ ಕೆಲವು ಚಿತ್ರಗಳನ್ನು ಕಳುಹಿಸಿತು. ಅವನ್ನು ನಮಗೂ ತೋರಿಸಿದರು. ನೀಲಿ ಆಕಾಶ, ಫುಟ್‌ಪಾತಿನಲ್ಲಿ ಎರಡು ತಾಳೆ ಮರ, ಒಂದು ಕೆಂಪು ಕಾರು, ತಂಪು ಕನ್ನಡಕ ಹಾಕಿಕೊಂಡು ಎತ್ತಲೋ ನಡೆದು ಹೋಗುತ್ತಿರುವ ಜನ. ನಮ್ಮ ರಸ್ತೆಯಲ್ಲಿ ಫುಟ್‌ಪಾತ್ ಎಷ್ಟಿದೆ ಎಂಬುದನ್ನು ಬಲ್ಲವರೇ ಬಲ್ಲರು. ತಾಳೆ ಮರಕ್ಕೆ ಜಾಗ ಕೊಟ್ಟರೆ ನಾವು ಚರಂಡಿಯಲ್ಲಿ ನಡೆಯಬೇಕು. ಚಿತ್ರದಲ್ಲಿ ಒಬ್ಬರ ಕೈಯಲ್ಲೂ ಕೊಡೆ ಇರಲಿಲ್ಲ. ಬಾಡಿಗೆದಾರರೆಲ್ಲ ಚೆನ್ನಾಗಿದೆ ಎಂದೆವು. ಚಿತ್ರ ನಿಜಕ್ಕೂ ಚೆನ್ನಾಗಿಯೇ ಇತ್ತು.

ಕೆಲಸ ಶುರುವಾದಾಗ ಹಂಚು ಇಳಿಸಿ ತಗಡಿನ ಮಾಡು ಮಾಡಿದರು. ಅದಕ್ಕೆ ಆಕ್ಷೇಪವಿಲ್ಲ, ಊರಿನ ಅರ್ಧ ಕಟ್ಟಡಗಳ ತಲೆಯ ಮೇಲೆ ಈಗ ತಗಡೇ ಇದೆ. ಆದರೆ ಮುಂಭಾಗದಲ್ಲಿ ಸೂರು ಕಾಣಬಾರದೆಂದು ತಗಡನ್ನು ಗೋಡೆಯ ಹಿಂದಕ್ಕೇ ನಿಲ್ಲಿಸಿ, ಅದನ್ನು ಮರೆಮಾಡಲು ಎತ್ತರದ ತಡೆಗೋಡೆ ಎಬ್ಬಿಸಿದರು. ಆಮೇಲೆ ಸಜ್ಜಗಳನ್ನು ಒಡೆದರು. ಹಲಗೆ ಹೊದಿಸಲು ಮುಖ ಸಪಾಟಾಗಿರಬೇಕಂತೆ. ಗೋಡೆಗೆ ಅಲ್ಯೂಮಿನಿಯಂ ಚೌಕಟ್ಟು ಬಿಗಿದು, ಅದರ ಮೇಲೆ ಎಸಿಪಿ ಹಾಳೆ ಕೂರಿಸಿ, ಸಂದುಗಳಿಗೆ ಸಿಲಿಕೋನ್ ತುಂಬಿದರು. ಎಸಿಪಿ ಎಂದರೆ ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಒಂದು ತಿರುಳು. ಒಟ್ಟು ದಪ್ಪ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಮಿಲಿಮೀಟರ್. ಅಗ್ಗದ ಹಾಳೆಯಲ್ಲಿ ಆ ತಿರುಳು ಬರೀ ಪ್ಲಾಸ್ಟಿಕ್. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿದು 72 ಜನ ಸತ್ತಾಗ ಬೆಂಕಿ ಹೊರಮೈಯಲ್ಲಿ ಅಷ್ಟು ಬೇಗ ಮೇಲೇರಿದ್ದು ಇಂಥ ಪ್ಲಾಸ್ಟಿಕ್ ತಿರುಳಿನ ಹಲಗೆಗಳಿಂದಲೇ. ನಮ್ಮ ಕೆಳಗೆ ಬೇಕರಿ ಇದೆ, ಒಲೆ ಬೆಳಗಿನ ಜಾವದಿಂದಲೇ ಉರಿಯುತ್ತದೆ. ತಿರುಳು ಯಾವುದು ಎಂದು ಗುತ್ತಿಗೆದಾರರನ್ನು ಕೇಳಿದೆ. ಅವರು ಬೆರಳ ಗೆಣ್ಣಿನಿಂದ ಹಲಗೆಯನ್ನು ಎರಡು ಬಾರಿ ಬಡಿದು, ಫಸ್ಟ್ ಕ್ವಾಲಿಟಿ ಎಂದರು. ಬೆಂಕಿ ತಡೆಯುವ ದರ್ಜೆಯ ಹಾಳೆಗಳೂ ಮಾರುಕಟ್ಟೆಯಲ್ಲಿವೆ. ನಮ್ಮದು ಆ ದರ್ಜೆಯದೇ ಎಂಬುದಕ್ಕೆ ಬಿಲ್ಲಿನಲ್ಲಿ ಒಂದು ಅಕ್ಷರವೂ ಇಲ್ಲ.

ಜೂನ್ ಬಂತು. ಮೊದಲ ಜೋರು ಮಳೆಗೇ ನನ್ನ ಕಿಟಕಿಯ ಮೇಲಂಚಿನಲ್ಲಿ ನೀರಿನ ಒಂದು ಗೆರೆ ಕಾಣಿಸಿಕೊಂಡಿತು. ಸಜ್ಜ ಇದ್ದಾಗ ಅದರ ಅಡಿಯಲ್ಲಿ ಬೆರಳಗಲದ ಒಂದು ಗೀರು ಇತ್ತು. ಮೇಸ್ತ್ರಿಗಳು ಅದನ್ನು ಸುಮ್ಮನೆ ಕೊರೆಯುವುದಿಲ್ಲ. ಅಂಚಿಗೆ ಬಂದ ನೀರು ಅಡಿಯಲ್ಲೇ ಹರಿದು ಗೋಡೆಗೆ ಸೇರದೆ, ಆ ಗೀರಿನ ಬಳಿ ಹನಿಯಾಗಿ ಕಡಿದು ಕೆಳಗೆ ಬೀಳುತ್ತದೆ. ಈಗಿನ ಮುಖದಲ್ಲಿ ನೀರನ್ನು ಕಡಿಯುವ ಒಂದೇ ಒಂದು ಅಂಚಿಲ್ಲ. ತಡೆಗೋಡೆಯ ನೆತ್ತಿಗೆ ಬಿದ್ದ ನೀರು ಹಲಗೆಯ ಮೇಲೆ ಜಾರಿ, ಕಿತ್ತಳೆ ಪಟ್ಟಿಯ ಮೇಲೆ ಅರೆಕ್ಷಣ ನಿಂತು, ಸಿಲಿಕೋನ್ ಬಿಟ್ಟುಕೊಂಡಲ್ಲೆಲ್ಲ ಒಳಗೆ ಹೋಗುತ್ತದೆ. ಹೋದದ್ದು ಹೊರಗೆ ಬರುವ ದಾರಿಯನ್ನು ಯಾರೂ ಮಾಡಿಲ್ಲ. ಜುಲೈಯಲ್ಲಿ ಒಂದು ಹಲಗೆಯ ಮೂಲೆ ಗಾಳಿಗೆ ಎದ್ದಾಗ ಮೊಬೈಲಿನ ಟಾರ್ಚ್ ಹಾಕಿ ನೋಡಿದೆ. ಗೋಡೆಗೂ ಹಲಗೆಗೂ ನಡುವಿನ ಎರಡಂಗುಲದ ಸಂದಿಯಲ್ಲಿ ಹಸಿರು ಪಾಚಿ ಹಬ್ಬಿತ್ತು, ತುಕ್ಕು ಹಿಡಿದ ಸ್ಕ್ರೂಗಳಿಂದ ಕಂದು ಗೆರೆಗಳು ಇಳಿದಿದ್ದವು, ಇಲಿಯೊಂದು ಬೇಕರಿಯ ಬ್ರೆಡ್ ಕಾಗದವನ್ನು ಚೂರು ಮಾಡಿ ಸಂಸಾರ ಹೂಡಿತ್ತು. ಹಳೆಯ ಗೋಡೆ ನೆನೆದರೂ ಎರಡು ದಿನ ಬಿಸಿಲು ಬಂದರೆ ಒಣಗುತ್ತಿತ್ತು. ಇದಕ್ಕೆ ಬಿಸಿಲು ತಾಗುವುದೇ ಇಲ್ಲ. ಒಳಗಿನ ಗಾರೆ ಉಬ್ಬಿತು, ಗೋಡೆಗೆ ಆನಿಸಿಟ್ಟಿದ್ದ ಥಾನುಗಳಿಗೆ ಬಿಳಿ ಬೂಷ್ಟು ಬಂತು.

ಅಷ್ಟರಲ್ಲಿ ಕೆಳಗಿನವರು ಕಾಯದೆ ತಮ್ಮ ಪರಿಹಾರವನ್ನು ತಾವೇ ಕಂಡುಕೊಂಡಿದ್ದರು. ನೀಲಿ ಟಾರ್ಪಾಲು. ಬೇಕರಿಯವರು ಹಲಗೆಯ ಸಂದಿಗೇ ಕೊಕ್ಕೆ ಸಿಕ್ಕಿಸಿ ಹಗ್ಗ ಕಟ್ಟಿದರು. ಪಕ್ಕದ ಚಪ್ಪಲಿ ಅಂಗಡಿಯವರು ಬೊಂಬು ಊರಿದರು. ಜುಲೈ ನಡುವಿನಲ್ಲಿ ಶುರುವಾಗುವ ಕೊಡವರ ಕಕ್ಕಡ ತಿಂಗಳ ಹೊತ್ತಿಗೆ ಲಕ್ಷಗಟ್ಟಲೆ ಸುರಿದ ಎಲಿವೇಶನ್ನಿನ ಕೆಳಗಿನ ಅರ್ಧ ರಸ್ತೆಯಿಂದ ಕಾಣುತ್ತಲೇ ಇರಲಿಲ್ಲ. ಮೇಲಿನ ಅರ್ಧವನ್ನು ಮಂಜು ನುಂಗಿತ್ತು. ವರ್ಷದಲ್ಲಿ ನಾಲ್ಕು ತಿಂಗಳು ಟಾರ್ಪಾಲೇ ಈ ಕಟ್ಟಡದ ನಿಜವಾದ ಮುಖ. ಹಾಗಿದ್ದ ಮೇಲೆ ಅದನ್ನೇ ಯಾರಾದರೂ ಚೆನ್ನಾಗಿ ವಿನ್ಯಾಸ ಮಾಡಿಕೊಡಬಾರದೇಕೆ?

ನನಗೆ ನೀರಿಗಿಂತ ಹೆಚ್ಚು ನಷ್ಟವಾದದ್ದು ಬೆಳಕಿನಲ್ಲಿ. ನನ್ನ ಮುಖ್ಯ ಕೆಲಸ ಕುಪ್ಯ, ಅಂದರೆ ಕೊಡವ ಗಂಡಸರ ಉದ್ದನೆಯ ಮೇಲಂಗಿ, ಹೊಲಿಯುವುದು. ಕಪ್ಪು ಬಟ್ಟೆಗೆ ಕಪ್ಪು ದಾರ. ಅಂಚಿನ ಹೊಲಿಗೆ ನೇರವಾಗಿ ಬಂದಿದೆಯೇ ಎಂದು ನೋಡಬೇಕಾದರೆ ಹೊರಗಿನ ಬೆಳಕು ಪಕ್ಕದಿಂದ ಬೀಳಬೇಕು. ಆಗ ಮಾತ್ರ ದಾರದ ನೆರಳು ಬಟ್ಟೆಯ ಮೇಲೆ ಗೆರೆಯಾಗಿ ಕಾಣುತ್ತದೆ. ಹಿಂದೆ ಎರಡು ಬಾಗಿಲಿನ ಅಗಲವಾದ ಮರದ ಕಿಟಕಿ ಇತ್ತು, ಹೊಲಿಗೆ ಯಂತ್ರ ಅದರ ಬದಿಯಲ್ಲೇ ಇತ್ತು. ಈಗ ಅದರ ಅರ್ಧಕ್ಕೆ ಹಲಗೆ, ಉಳಿದರ್ಧಕ್ಕೆ ತೆರೆಯಲಾಗದ ಕಪ್ಪುಛಾಯೆಯ ಗಾಜು. ಮೋಡ ಕವಿದ ಊರಿನಲ್ಲಿ ಬಿಸಿಲು ತಡೆಯುವ ಗಾಜು! ನಡುಹಗಲಿನಲ್ಲೂ ಎಲ್‌ಇಡಿ ಉರಿಸುತ್ತೇನೆ. ಅದು ತಲೆಯ ಮೇಲಿಂದ ಬೀಳುವುದರಿಂದ ಕಪ್ಪಿನ ಮೇಲೆ ಕಪ್ಪು ಕಾಣುವುದೇ ಇಲ್ಲ. ಕುಪ್ಯದ ಮೇಲೆ ಸೊಂಟಕ್ಕೆ ಸುತ್ತುವ ಚೇಲೆಯ ಕೆಂಪು ಆ ಬೆಳಕಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಮದುವೆಯವರು ಬಟ್ಟೆ ಹಿಡಿದುಕೊಂಡು ಮೆಟ್ಟಿಲಿಳಿದು ರಸ್ತೆಗೆ ಹೋಗಿ ಬಣ್ಣ ನೋಡಿ ಬರುತ್ತಾರೆ. ಮಳೆ ಬಂದರೆ ಅದೂ ಇಲ್ಲ. ನನ್ನ ವೃತ್ತಿಯ ಮಾತಿನಲ್ಲೇ ಹೇಳುವುದಾದರೆ, ಈ ಮುಖ ಫೋಟೋಕ್ಕೆ ನಿಲ್ಲಲು ಹೊಲಿದ ಕೋಟಿನಂತಿದೆ. ತೊಟ್ಟವರು ಕೈ ಎತ್ತುವ ಹಾಗಿಲ್ಲ.

ಇದನ್ನೆಲ್ಲ ಕಟ್ಟುವ ಮೊದಲೇ ಯಾರಾದರೂ ನೋಡಿ ಹೇಳಬೇಕಿತ್ತಲ್ಲವೇ ಎಂದು ಗಿರಾಕಿಗಳು ಕೇಳುತ್ತಾರೆ. ಕಾನೂನು ಇಲ್ಲದಿಲ್ಲ. 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯ 187ನೇ ಕಲಂ ಹೊಸ ಕಟ್ಟಡದ ಬಗ್ಗೆ ಮಾತ್ರ ಹೇಳುವುದಿಲ್ಲ, ಇರುವ ಕಟ್ಟಡದ ಹೊರಮೈ ಬದಲಿಸುವ ಮೊದಲೂ ಲಿಖಿತ ಸೂಚನೆ ಕೊಡಬೇಕೆನ್ನುತ್ತದೆ. ಆದರೆ ಪ್ಲಾನ್ ಪಾಸ್ ಎಂದರೆ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ಎಲ್ಲೆ, ಎತ್ತರ, ಅಂತಸ್ತು, ರಸ್ತೆಯಿಂದ ಬಿಟ್ಟ ಜಾಗ, ವಾಹನ ನಿಲುಗಡೆ. ಇವೆಲ್ಲ ಬೇಕಾದವೇ, ಅಳತೆಪಟ್ಟಿಗೆ ಸಿಗುವಂಥವು. ಮಳೆಯ ನೀರು ಎಲ್ಲಿಗೆ ಬೀಳುತ್ತದೆ, ಕೆಳಗೆ ನಿಲ್ಲುವವರ ತಲೆಯ ಮೇಲೆ ಏನಿದೆ, ಒಳಗೆ ಕೂತವರಿಗೆ ಬೆಳಕು ಎಷ್ಟು ಉಳಿಯುತ್ತದೆ ಎಂದು ಕೇಳುವ ಸಾಲು ಆ ಹಾಳೆಯಲ್ಲಿರುವುದಿಲ್ಲ. ಇಲ್ಲದ ಸಾಲಿಗೆ ಮೇಜಿನ ಆಚೆ ಕೂತವರು ಉತ್ತರ ಕೇಳುವುದಾದರೂ ಹೇಗೆ?

ಕುಪ್ಯದ ಅಳತೆ ಕೊಡಲು ಬಂದಿದ್ದ ನಿವೃತ್ತ ಸುಬೇದಾರರೊಬ್ಬರು ಈ ಮಾತು ಕೇಳಿಸಿಕೊಂಡು ಚಂಡೀಗಢದ ಸುದ್ದಿ ತೆಗೆದರು. ಅವರು ಅದರ ಹತ್ತಿರದ ಚಂಡಿಮಂದಿರದ ಸೇನಾ ನೆಲೆಯಲ್ಲಿ ಇದ್ದವರು. ಅಲ್ಲಿನ ಸೆಕ್ಟರ್ 17ರ ಅಂಗಡಿ ಸಾಲು ಒಂದೇ ಅಚ್ಚಿನದು. ಮುಂದೆ ಕಂಬಗಳ ಸಾಲು, ನೆರಳಿನಲ್ಲಿ ನಡೆಯುವ ಮೊಗಸಾಲೆ. ಯಾರೂ ತಮ್ಮ ಇಷ್ಟದಂತೆ ಮುಖ ಬದಲಿಸುವ ಹಾಗಿಲ್ಲ, ಬೋರ್ಡಿನ ಜಾಗಕ್ಕೂ ನಿಯಮವಿದೆ. 1952ರ ಕಾಯ್ದೆಯಿಂದ ಬಂದ ಕಟ್ಟುಪಾಡು ಅದು. ಇಲ್ಲೂ ಹಾಗೇ ಮಾಡಬೇಕು ಎಂದು ಅವರು ತೋಳು ಚಾಚಿದಾಗ ನನ್ನ ಟೇಪು ಜಾರಿತು. ನನ್ನ ಗಿರಾಕಿಯೊಬ್ಬರ ಮಗಳು ಅಮೆರಿಕದ ಸಿಯಾಟಲ್‌ನಲ್ಲಿದ್ದಾಳೆ. ಅಲ್ಲಿನ ಪಯೊನೀರ್ ಸ್ಕ್ವೇರ್ ಎಂಬ ಹಳೆಯ ಪೇಟೆ 1970ರಿಂದ ಸಂರಕ್ಷಿತ. ಕಟ್ಟಡದ ಹೊರಮೈಗೆ ಕೈ ಹಚ್ಚಬೇಕಾದರೂ, ಬೋರ್ಡು ತೂಗುಹಾಕಬೇಕಾದರೂ ಮೊದಲು ಒಪ್ಪಿಗೆ ಪಡೆಯಬೇಕು, ಮಂಡಳಿಯ ಸಭೆಗೆ ಬಂದು ಯಾರು ಬೇಕಾದರೂ ಮಾತಾಡಬಹುದು. ಮಾತಾಡುವ ಭಾಗ ನನಗೆ ಹಿಡಿಸಿತು. ಒಂದೇ ಅಚ್ಚಿನ ಭಾಗ ಹಿಡಿಸಲಿಲ್ಲ. ನಮ್ಮಲ್ಲಿ ಅಂಥ ಸಮಿತಿ ಕೂತರೆ ಮೊದಲ ದಿನವೇ ಎಲ್ಲ ಅಂಗಡಿಗೂ ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆಯ) ಕಂಬ ಅಂಟಿಸಿ ಎಂದು ಆದೇಶ ಹೊರಡುತ್ತದೆ. ಕಂಬವೂ ಫೈಬರಿನದು. ರೆಸಾರ್ಟುಗಳ ಗೇಟಿನಲ್ಲಿ ಅದನ್ನು ಸಾಕಷ್ಟು ನೋಡಿಯಾಗಿದೆ. ಕಟ್ಟಡ ಯಾವ ಬಣ್ಣದಲ್ಲಾದರೂ ಇರಲಿ, ಸೂರು ಇದೆಯೇ, ನೀರಿಗೆ ದಾರಿ ಇದೆಯೇ ಎಂದು ಕೇಳುವವರೊಬ್ಬರು ಇದ್ದರೆ ನನಗೆ ಸಾಕು.

ಹೊರಮೈ ಬದಲಿಸುವುದೇ ತಪ್ಪು ಎನ್ನುವವರ ಗುಂಪಿಗೂ ನಾನು ಸೇರುವುದಿಲ್ಲ. ನಮ್ಮ ಕೋಟೆಯೊಳಗಿನ ಅರಮನೆಯನ್ನೇ ನೋಡಿ. 1812ರಿಂದ 1814ರ ನಡುವೆ ಕೊಡಗಿನ ಅರಸ ಲಿಂಗರಾಜೇಂದ್ರ ಅದಕ್ಕೆ ಹೊಸ ರೂಪ ಕೊಟ್ಟ. 1933ರಲ್ಲಿ ಬ್ರಿಟಿಷರು ಅದಕ್ಕೆ ಗಡಿಯಾರ ಗೋಪುರವನ್ನೂ, ಕಮಿಷನರರ ಕಾರು ನಿಲ್ಲಲು ಪೋರ್ಟಿಕೊವನ್ನೂ ಸೇರಿಸಿದರು. ಅರಮನೆಗೆ ಅದು ಒಪ್ಪುತ್ತದೆಯೇ ಎಂದು ಜಗಳವಾಡಬಹುದು. ಆದರೆ ನಾನು ಮಂಡಳಿಯಲ್ಲಿದ್ದರೆ ಪೋರ್ಟಿಕೊಗೆ ಸಹಿ ಹಾಕುತ್ತಿದ್ದೆ. ಒಬ್ಬ ಮನುಷ್ಯ ನೆನೆಯದೆ ಕಾರಿನಿಂದ ಇಳಿದು ಒಳಗೆ ಹೋಗಲಿ ಎಂದು ಯಾರೋ ಯೋಚಿಸಿದ್ದರು. ಆ ಮನುಷ್ಯ ಕಮಿಷನರನೇ ಆಗಿರಲಿ.

ಮಳೆ ಬಿಟ್ಟ ಮೇಲೆ ಮಾಲೀಕರು ಬಂದು ನೋಡಿದರು. ಉಬ್ಬಿದ ಗಾರೆಯನ್ನು ಕೈಯಾರೆ ಮುಟ್ಟಿದರು. ವಿನ್ಯಾಸ ಕಚೇರಿಯವರಿಗೆ ಫೋನ್ ಮಾಡಿದಾಗ ಸಿಲಿಕೋನನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿಕೊಳ್ಳಬೇಕೆಂಬ ಉತ್ತರ ಬಂತಂತೆ. ಇಷ್ಟು ಎತ್ತರದ ಮುಖಕ್ಕೆ ಪ್ರತಿ ವರ್ಷ ಅಟ್ಟಣಿಗೆ ಕಟ್ಟಿಸುವ ಖರ್ಚು ಚಿತ್ರದ ಜೊತೆ ಬಂದ ಅಂದಾಜು ಪಟ್ಟಿಯಲ್ಲಿರಲಿಲ್ಲ. ಕೊನೆಗೆ ಊರಿನ ವೆಲ್ಡರ್ ಒಬ್ಬರನ್ನು ಕರೆಸಿ ಮಾತಾಡಿದ್ದಾರೆ. ಕಿತ್ತಳೆ ಪಟ್ಟಿ ಇರುವಲ್ಲೇ ಕಬ್ಬಿಣದ ಚೌಕಟ್ಟು ಹೂಡಿ, ಮೂರಡಿ ಹೊರಕ್ಕೆ ಪಾಲಿಕಾರ್ಬನೇಟ್ ಹಾಳೆಯ ಮಾಡು ಇಳಿಸುತ್ತಾರಂತೆ. ನನ್ನ ಕಿಟಕಿಗೆ ತಿಳಿಗಾಜು, ತೆರೆಯುವ ಬಾಗಿಲು ಕೇಳಿದ್ದೇನೆ, ಆಗಲಿ ಎಂದಿದ್ದಾರೆ. ಎರಡನೆಯ ಅಂಕ ಆ ಮಾತಿಗೆ. ಕೆಲಸ ಮೇ ಒಳಗೆ ಮುಗಿದರೆ ಮೂರಕ್ಕೆ ಏರಿಸಲು ಅಡ್ಡಿಯಿಲ್ಲ.

ನನ್ನ ಪಕ್ಕದ ಮಳಿಗೆ ಸದ್ಯ ಖಾಲಿ ಇದೆ. ಮೊಬೈಲ್ ರಿಪೇರಿ, ಟ್ರಾವೆಲ್ಸ್, ಟ್ಯೂಷನ್ ನಡೆಸುವವರಿಗೆ ಹೊಂದುತ್ತದೆ. ರಸ್ತೆಯಿಂದ ಫಲಕ ಎದ್ದು ಕಾಣುತ್ತದೆ, ಮೆಟ್ಟಿಲು ಅಗಲವಾಗಿದೆ. ಬಟ್ಟೆ, ಕಾಗದ, ಏಲಕ್ಕಿ, ಕಾಳುಮೆಣಸು ದಾಸ್ತಾನು ಮಾಡುವವರು ಪಶ್ಚಿಮದ ಗೋಡೆಗೆ ಅಂಗೈ ಒತ್ತಿ ನೋಡಿ ಆಮೇಲೆ ಮುಂಗಡದ ಮಾತಾಡುವುದು ಒಳ್ಳೆಯದು. ಕೀ ಕೆಳಗಿನ ಬೇಕರಿಯಲ್ಲಿ ಸಿಗುತ್ತದೆ, ಭಾನುವಾರ ಮಧ್ಯಾಹ್ನದ ಮೇಲೆ ಅವರು ಇರುವುದಿಲ್ಲ.