ನ್ಯೂ ಹ್ಯಾಂಪ್‌ಶೈರ್: ಮೊದಲ ಸ್ಪರ್ಧೆಗೆ ಕೆಳಮನೆಯೋ, ಸೆನೆಟ್ಟೋ?

ಅಮೆರಿಕದ ಈ ಪುಟ್ಟ ರಾಜ್ಯದಲ್ಲಿ ರಿಪಬ್ಲಿಕನ್ ಪಕ್ಷದಿಂದ ಮೊದಲ ಬಾರಿಗೆ ನಿಲ್ಲಲು ಹೊರಟ ಸಂಪ್ರದಾಯವಾದಿ ಅಭ್ಯರ್ಥಿಗೆ ಸಂಬಳದ ಲೆಕ್ಕದಲ್ಲಿ ಆಯ್ಕೆಯೇ ಇಲ್ಲ. ರಾಜ್ಯ ಶಾಸಕಾಂಗದ ಎರಡೂ ಸದನಗಳಲ್ಲಿ, ಅಂದರೆ ಕೆಳಮನೆಯಲ್ಲೂ ಮೇಲ್ಮನೆಯಾದ ಸೆನೆಟ್‌ನಲ್ಲೂ, 2 ವರ್ಷದ ಪೂರ್ಣಾವಧಿಗೆ 200 ಡಾಲರ್, 1889ರಿಂದ ಏರಿಲ್ಲ. ಹೊಟ್ಟೆಪಾಡಿಗೆ ಬೇರೆ ಕೆಲಸ ಇರಲೇಬೇಕು.

ಕೆಳಮನೆಯಲ್ಲಿ 400 ಸ್ಥಾನಗಳು, ಸುಮಾರು 3,400 ಜನರಿಗೊಬ್ಬ ಪ್ರತಿನಿಧಿ. 18 ವಯಸ್ಸು, 2 ವರ್ಷದ ವಾಸ ಸಾಕು. ಶನಿವಾರ ಬೆಳಿಗ್ಗೆ ಊರವರು ತಾವೇ ಕಸ ತಂದು ಹಾಕುವ ಕೇಂದ್ರದ ಬಾಗಿಲಲ್ಲಿ ನಿಂತು ಕೈಕುಲುಕುವುದೂ ಇಲ್ಲಿ ಪ್ರಚಾರವೇ. ರಾಜ್ಯದಲ್ಲಿ ಸಂಬಳದ ಮೇಲೆ ಆದಾಯ ತೆರಿಗೆಯಿಲ್ಲ, ಸಾಮಾನ್ಯ ಮಾರಾಟ ತೆರಿಗೆಯೂ ಇಲ್ಲ. ಹಾಗಾಗಿ ಕಸದ ಚೀಲ ಹಿಡಿದವರು ಕೇಳುವುದು ಮನೆಯ ಆಸ್ತಿ ತೆರಿಗೆಯನ್ನೇ. ಉತ್ತರ ಸಿದ್ಧವಿರಲಿ.

ಸೆನೆಟ್‌ನಲ್ಲಿ ಬರೀ 24 ಮಂದಿ. ತಲೆಗೆ ಸುಮಾರು 57,000 ಜನ; 30 ವಯಸ್ಸು, 7 ವರ್ಷದ ವಾಸ ಬೇಕು. ಕಾಲ್ನಡಿಗೆಯಲ್ಲಿ ಮುಗಿಯದ ಕ್ಷೇತ್ರ, ಹಣವೂ ಬೇಕು. ಆದರೆ ಒಂದೇ ಮತಕ್ಕೆ ಅಲ್ಲಿರುವ ತೂಕ 400 ಜನರ ಗದ್ದಲದಲ್ಲಿ ಸಿಗದು.

ಯಾವ ಪಕ್ಷಕ್ಕೂ ಹೆಸರು ನೋಂದಾಯಿಸದವರು ಪಕ್ಷದ ಅಭ್ಯರ್ಥಿಯನ್ನು ಆರಿಸುವ ರಿಪಬ್ಲಿಕನ್ ಪ್ರಾಥಮಿಕ ಚುನಾವಣೆಯಲ್ಲೂ ಮತ ಹಾಕಬಹುದು. ಕಟ್ಟಾ ಬೆಂಬಲಿಗರನ್ನಷ್ಟೇ ನಂಬಿದವರಿಗೆ ಸೆನೆಟ್ ಕ್ಷೇತ್ರದಲ್ಲಿ ಪೆಟ್ಟು ಜೋರು. ಊರಿನ ಆಡಳಿತ ಮಂಡಳಿಯಲ್ಲಿ ಪಳಗಿಲ್ಲದವರಿಗೆ ನಾನಂತೂ ಕೆಳಮನೆಯನ್ನೇ ಹೇಳುತ್ತೇನೆ.