ಹಂಚು ತಗೊಂಡಿದ್ದು ಒಂದ ಸಲ, ಮೇಲ್ ದಿನಾ ಬರ್ತಾವ (1 ಸ್ಟಾರ್)

ಅವ್ವಗ ಜ್ವಾಳದ ರೊಟ್ಟಿ ಮಾಡಾಕ ಕಬ್ಬಿಣದ ಹಂಚು ಬೇಕಾಗಿತ್ತ್ರಿ. ಹುಬ್ಬಳ್ಳಿ ವಿದ್ಯಾನಗರದಿಂದ ದುರ್ಗದಬೈಲ್ ಪ್ಯಾಟಿ ತನಕ ಹೋಗಾಕ ಟೈಮ್ ಸಿಗಲಿಲ್ಲ ಅಂತ ಅಡಗಿಮನಿ ಸಾಮಾನು ಮಾರೋ ಒಂದು ಆನ್‌ಲೈನ್ ಅಂಗಡ್ಯಾಗ ಆರ್ಡರ್ ಹಾಕಿದೆ, 4.4 ಸ್ಟಾರ್ ಇತ್ತು, ಸಾವಿರದ ಮ್ಯಾಲ ರಿವ್ಯೂ ಇದ್ವು, ಅಷ್ಟ ನೋಡಿ 849 ರೂಪಾಯಿ ಕೊಟ್ಟೆ. ಬಂದ ಹಂಚಿನ ತಳಾನ ಉಬ್ಬೈತಿ, ಒಲಿ ಮ್ಯಾಲ ಇಟ್ರ ಅಲಗಾಡತೈತಿ, ರೊಟ್ಟಿ ನಡುವ ಹೊತ್ತಿ ಅಂಚಿಗೆ ಹಸೀನ ಉಳೀತೈತಿ.

ಆಮ್ಯಾಲ ಕುಂತು ರಿವ್ಯೂ ಒಂದೊಂದ ಓದಿದೆ. ಅರ್ಧಕ್ಕರ್ಧ ನಾನ್‌ಸ್ಟಿಕ್ ದ್ವಾಸಿ ತವಾದ್ದು! ಬ್ಯಾರೆ ಬ್ಯಾರೆ ಮಾಲು ಒಂದ ಪೇಜಿನಾಗ ಸೇರಿಸಿದ್ರ ಎಲ್ಲಾದರ ಸ್ಟಾರೂ ಕೂಡಿ ಬರ್ತಾವ, ಹಂಗಾಗಿ ತವಾದ ಹೆಸರಿನ ಮ್ಯಾಲ ಹಂಚು ಮಾರಾಕತ್ತಾರ. ಡಬ್ಬಿ ಒಳಗ ಒಂದು ಚೀಟಿನೂ ಇತ್ತು, 5 ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ವಾಟ್ಸಾಪ್ ಮಾಡಿದ್ರ 100 ರೂಪಾಯಿ ಕೊಡ್ತಾರಂತ. ರೊಕ್ಕ ಕೊಟ್ಟು ಬರಸಿದ ರಿವ್ಯೂ ಹಾಕಬಾರದು ಅಂತ ಬಿಐಎಸ್‌ನವರು (ಭಾರತೀಯ ಮಾನಕ ಬ್ಯೂರೋ) 2022ರ ನವೆಂಬರ್‌ನ್ಯಾಗ ಐಎಸ್ 19000 ಅಂತ ಮಾನದಂಡ ತಂದಾರ, ಆದ್ರ ತಂದಾಗ ಅದನ್ನ ಕಡ್ಡಾಯ ಮಾಡಲಿಲ್ಲ, ಅದ ದೊಡ್ಡ ತಪ್ಪು ಅನಸ್ತೈತಿ ನನಗ.

ಅವರ ಪೇಜಿನಾಗ ಹಂಚಿಗೆ ನಾನು 2 ಸ್ಟಾರ್ ಕೊಟ್ಟು, ತಳದ ಫೋಟೋ ಹಾಕಿ, ಒಂದೂ ಕೆಟ್ಟ ಮಾತಿಲ್ದಂಗ ಬರದೆ. ನಿಯಮಕ್ಕ ಹೊಂದಂಗಿಲ್ಲ ಅಂತ ತಗದ ಹಾಕಿದ್ರು, ಯಾವ ನಿಯಮ ಅಂತ ಹೇಳಲಿಲ್ಲ. ಅದ ವಾರದಾಗ ‘ನಿಮ್ಮ ಅಭಿಪ್ರಾಯ ನಮಗ ಭಾಳ ಮುಖ್ಯ’ ಅಂತ ಮೂರು ಮೇಲ್ ಬಂದ್ವು. ಬರದದ್ದನ್ನ ತಗದು ಮತ್ತ ಬರೀರಿ ಅಂತ ಕೇಳೋದು ಯಾವ ನ್ಯಾಯ?

ಇನ್ನ ಆಫರ್ ಮೇಲಂತೂ 11 ದಿನದಾಗ 26. ಹಂಚು ತಗೊಂಡೋರಿಗೆ ಮತ್ತ ಹಂಚು ತೋರಸ್ತಾರ, ‘ಇನ್ನ 2 ತಾಸು ಅಷ್ಟ’ ಅಂತಾರ, ಮರದಿನಾನೂ ಅದ ರೇಟ್ ಇರತೈತಿ. ಹಿಂಗ ಸುಳ್ಳ ಅವಸರ ಹುಟ್ಟಸೋದನ್ನ 2023ರ ನವೆಂಬರ್‌ನ್ಯಾಗ ಬಂದ ಡಾರ್ಕ್ ಪ್ಯಾಟರ್ನ್ (ಆನ್‌ಲೈನ್‌ನ್ಯಾಗ ಗಿರಾಕಿನ ದಾರಿ ತಪ್ಪಸೋ ಆಟ) ಮಾರ್ಗಸೂಚಿ ಬ್ಯಾಡ ಅಂದೈತಿ, ಅದರಾಗ ಇಂಥಾವು 13 ಅದಾವ. ಮೇಲ್‌ನ ಕೆಳಗ ಸಣ್ಣ ಅಕ್ಷರದಾಗಿರೋ ಅನ್‌ಸಬ್‌ಸ್ಕ್ರೈಬ್ ಒತ್ತಿದ್ರ ಲಾಗಿನ್ ಕೇಳತೈತಿ, ಒಳಗ ಹೋದ್ರ ಐದು ಟಿಕ್ ಮೊದ್ಲ ಹಾಕಿಟ್ಟಾರ, ಎಲ್ಲಾ ತಗದ್ರೂ ಬ್ಯಾರೆ ಐಡಿಯಿಂದ ಶುರು. ಜಿಮೇಲ್ ಇದ್ದೋರು ಕಳಿಸಿದವರ ಹೆಸರಿನ ಬಾಜೂ ಬರೋ ಅನ್‌ಸಬ್‌ಸ್ಕ್ರೈಬ್ ಒತ್ರಿ, ದಿನಕ್ಕ 5000ಕ್ಕಿಂತ ಹೆಚ್ಚು ಮೇಲ್ ಕಳಸೋರು 2 ದಿನದಾಗ ನಿಲ್ಲಸಬೇಕು ಅಂತ 2024ರಿಂದ ಗೂಗಲ್ ರೂಲ್ ಮಾಡೈತಿ. ನನಗ ಅದರಿಂದನ ಕಡಿಮಿ ಆತು.

ವಾಪಸ್ ಮಾತ್ರ ತಕರಾರಿಲ್ದ ತಗೊಂಡ್ರು, 6 ದಿನಕ್ಕ ರೊಕ್ಕ ಬಂತು, ಡೆಲಿವರಿ ಹುಡುಗನೂ ಚೊಲೊ ಮಾತಾಡಸ್ದ. ಹಂಚಿನ ಜೋಡಿ ಆ ಚೀಟಿ ವಾಪಸ್ ಕೊಟ್ಟಿಲ್ಲ. ಅದನ್ನ ಇಟ್ಕೊಂಡ ಗ್ರಾಹಕರ ಸಹಾಯವಾಣಿ 1915ಕ್ಕ ಫೋನ್ ಮಾಡಿ ದೂರು ಬರಸೀನಿ, ಮೊನ್ನೆ ನಂಬರ್ ಬಂದೈತಿ. ನಿಮ್ಮ ಡಬ್ಬ್ಯಾಗೂ ಇಂಥಾ ಚೀಟಿ ಬಂದಿದ್ರ ಹರದ ಒಗೀಬ್ಯಾಡ್ರಿ.