ವಾಲ್ನೂರಿನ ಕಾವೇರಿಯಲ್ಲಿ ಎಂಟು ಮಂದಿ, ಮೂರು ಗಾಳ

ಬೇಸಿಗೆಯಲ್ಲಿ ಗೆಳೆಯರೆಲ್ಲ ಸೇರಿ ಗಾಳ ಹಾಕಲು ಹೋಗೋಣವೆಂದರೆ ಕರ್ನಾಟಕದಲ್ಲಿ ಅದಕ್ಕೆ ಜಾಗಗಳು ಹೆಚ್ಚಿಲ್ಲ. ಒಂದು ಕಾಲದಲ್ಲಿ ಮಹಶೀರ್ ಮೀನಿಗಾಗಿಯೇ ಹೆಸರಾಗಿದ್ದ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳು ಕಾವೇರಿ ವನ್ಯಜೀವಿ ಧಾಮಕ್ಕೆ ಸೇರಿರುವುದರಿಂದ ಅಲ್ಲಿ ಈಗ ಗಾಳ ಹಾಕುವಂತಿಲ್ಲ. ನಾವು ಎಂಟು ಮಂದಿ ಏಪ್ರಿಲ್‌ನಲ್ಲಿ ಎರಡು ದಿನಗಳಿಗೆಂದು ಆರಿಸಿಕೊಂಡದ್ದು ಕುಶಾಲನಗರದಿಂದ ಮೇಲೆ, ವಾಲ್ನೂರಿನ ಹೊಳೆ. ಅಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯ ಪರವಾನಗಿ ಪಡೆದು, ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡಬೇಕೆಂಬ ನಿಯಮಕ್ಕೆ ಒಪ್ಪಿ ಗಾಳ ಹಾಕಿದೆವು. ನಮಗೆ ವಸತಿ, ಊಟ, ಗಾಳದ ಕೋಲು ಮತ್ತು ಒಬ್ಬ ಗೈಡನ್ನು ಒದಗಿಸಿದ ಹೊಳೆದಂಡೆಯ ಹೋಂಸ್ಟೇ ಸೇವೆಯ ಕುರಿತು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಮಾತು ಗೈಡನ ಬಗ್ಗೆ. ಆತ ಹೊಳೆಯ ಪಕ್ಕದಲ್ಲೇ ಬೆಳೆದವನು. ನಮ್ಮ ಎಂಟು ಕೋಲುಗಳನ್ನು ನೋಡಿದವನೇ ಒಂದು ಮಡುವಿಗೆ ಮೂರಕ್ಕಿಂತ ಹೆಚ್ಚು ಗಾಳ ಬೀಳಬಾರದೆಂದು ಖಂಡಿತವಾಗಿ ಹೇಳಿದನು. ಬೇಸಿಗೆಯಲ್ಲಿ ಹೊಳೆ ಇಳಿದು ನೀರು ತಿಳಿಯಾದಾಗ ದೊಡ್ಡ ಮೀನುಗಳು ಆಳದ ಮಡುಗಳಲ್ಲಿ ಸೇರಿಕೊಳ್ಳುತ್ತವೆ, ದಂಡೆಯ ಮೇಲಿನ ಸದ್ದು ನೆರಳುಗಳೆರಡೂ ಅವುಗಳಿಗೆ ಕೂಡಲೇ ತಿಳಿಯುತ್ತವೆ. ಆಗ ನಮಗೆ ಬೇಸರವಾಯಿತು; ಆದರೆ ಸರದಿಯಂತೆ ಮೂವರು ಗಾಳ ಹಾಕಿ, ಉಳಿದವರು ಮತ್ತಿಮರದ ನೆರಳಲ್ಲಿ ಮಾತಿಲ್ಲದೆ ಕುಳಿತ ಆ ಬೆಳಗ್ಗೆಯೇ ಎರಡು ಮೀನು ಸಿಕ್ಕವು.

ಮೇವಿಗೆ ಬಳಸಿದ್ದು ರಾಗಿ. ಹಿಟ್ಟನ್ನು ಬಿಗಿಯಾಗಿ ಕಲಸಿ, ನಿಂಬೆಗಾತ್ರದ ಉಂಡೆ ಕಟ್ಟಿ, ಕುದಿಯುವ ನೀರಿನಲ್ಲಿ ಬೇಯಿಸಿದರೆ ಅದು ರಬ್ಬರಿನಂತೆ ಗಟ್ಟಿಯಾಗಿ, ಸಣ್ಣ ಮೀನುಗಳು ಎಷ್ಟು ಕುಕ್ಕಿದರೂ ಗಾಳದಿಂದ ಕಳಚುವುದಿಲ್ಲ. ಗೈಡ್ ಪ್ರತಿ ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ ಮೇಲೆಯೇ ನಮ್ಮ ಕೈಗೆ ಕೊಡುತ್ತಿದ್ದನು. ನನ್ನ ಗೆಳೆಯನಿಗೆ ಸಿಕ್ಕ ಮೀನು ನಾಲ್ಕು ಕಿಲೋ ಇದ್ದೀತು. ಅದನ್ನು ಫೋಟೋಗಾಗಿ ಮೇಲೆತ್ತಲು ಗೈಡ್ ಒಂದು ಕ್ಷಣ ಮಾತ್ರ ಬಿಟ್ಟನು. ಬಳಿಕ ಮಂಡಿಯುದ್ದ ನೀರಿನಲ್ಲಿ ನಿಂತು, ಮೀನಿನ ಮುಖವನ್ನು ಹರಿವಿಗೆ ಎದುರಾಗಿ ಹಿಡಿದು, ಅದು ತಾನಾಗಿ ಬಾಲ ಬೀಸಿ ಕೈಯಿಂದ ಜಾರುವವರೆಗೂ ಕದಲಲಿಲ್ಲ. ಬಿಸಿಯೇರಿದ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ಸೆಣಸಿ ದಣಿದ ಮೀನು ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಾಗುತ್ತದೆ. ಕಾವೇರಿ ಕೊಳ್ಳದಲ್ಲಲ್ಲದೆ ಬೇರೆಲ್ಲೂ ಇಲ್ಲದ ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮಹಶೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿದೆ. ಆದ್ದರಿಂದ ಈ ಶಿಸ್ತಿಗಾಗಿಯೇ ನಾನು ಮತ್ತೆ ಹಣ ಕೊಟ್ಟು ಹೋಗಲು ಸಿದ್ಧ.

ಊಟಕ್ಕೆ ಕಡುಬು, ಪಂದಿ ಕರಿ, ಸಸ್ಯಾಹಾರಿಗಳಿಗೆ ಬಿದಿರ ಕಳಲೆ ಸಾರು; ಕೊರತೆಯಿರಲಿಲ್ಲ.

ಆದರೆ ಹೋಂಸ್ಟೇಯವರು ಕಾಯ್ದಿರಿಸುವಾಗ ಹೇಳಿದ್ದಕ್ಕೂ ಅಲ್ಲಿ ಸಿಕ್ಕಿದ್ದಕ್ಕೂ ವ್ಯತ್ಯಾಸವಿತ್ತು. ಎಂಟು ಮಂದಿಗೆ ಇಬ್ಬರು ಗೈಡುಗಳೆಂದು ಹೇಳಿ ಒಬ್ಬನನ್ನು ಕಳುಹಿಸಿದರು. ಅವರು ಕೊಟ್ಟ ಎರಡು ರೀಲುಗಳಲ್ಲಿ ನೂಲು ಹಳೆಯದಾಗಿ ಬಿಸಿಲಿಗೆ ಒಣಗಿತ್ತು. ಎರಡನೆಯ ಸಂಜೆ ದೊಡ್ಡ ಮೀನೊಂದು ಬಂಡೆಯ ಸಂದಿಗೆ ಎಳೆದಾಗ ಆ ನೂಲು ಕಡಿದು, ಗಾಳ ಮೀನಿನ ಬಾಯಲ್ಲೇ ಉಳಿಯಿತು. ಮೀನು ತಪ್ಪಿತೆಂಬುದಕ್ಕಿಂತ, ಬಾಯಲ್ಲಿ ಕಬ್ಬಿಣ ಹೊತ್ತು ಅದು ಹೋಯಿತೆಂಬುದು ನಮ್ಮನ್ನು ಹೆಚ್ಚು ನೋಯಿಸಿತು. ಕಚೇರಿಗೆ ತಿಳಿಸಿದಾಗ ಕ್ಷಮೆ ಕೇಳಿದರೇ ಹೊರತು ನೂಲು ಬದಲಿಸುವ ಭರವಸೆ ಕೊಡಲಿಲ್ಲ.

ಗುಂಪಾಗಿ ಹೋಗುವವರು ಆರು ಮಂದಿಗೆ ಮೀರದಿರುವುದು, ನೂಲನ್ನು ಸ್ವಂತ ಖರ್ಚಿನಲ್ಲಿ ಒಯ್ಯುವುದು ಲೇಸು. ದಿನಾಂಕ ಗೊತ್ತುಮಾಡುವ ಮುನ್ನ ಕಾಫಿ ಹೂಮಳೆ, ಅಂದರೆ ಕಾಫಿ ಗಿಡ ಅರಳಿಸುವ ಬೇಸಿಗೆಯ ಮಳೆ, ಬಂದಿದೆಯೇ ಎಂದು ಫೋನಿನಲ್ಲಿ ವಿಚಾರಿಸಬೇಕು. ದುಬಾರೆ ಕಾಡಿನ ಆನೆಗಳು ಮುಸ್ಸಂಜೆಗೆ ಹೊಳೆಗಿಳಿಯುವ ಕಾರಣ ಕತ್ತಲಾಗುವ ಮೊದಲೇ ದಂಡೆ ಬಿಡಬೇಕು, ಈ ಮಾತಿನಲ್ಲಿ ಗೈಡ್ ಯಾರ ಒತ್ತಾಯಕ್ಕೂ ಮಣಿಯುವುದಿಲ್ಲ. ಮೇ ಕೊನೆಯ ಹೊತ್ತಿಗೆ ಮುಂಗಾರಿನ ಮೋಡ ಕಟ್ಟುವುದರಿಂದ, ನಾವು ಮುಂದಿನ ವರ್ಷಕ್ಕೆ ಮಾರ್ಚ್ ತಿಂಗಳನ್ನೇ ಕೇಳಿದ್ದೇವೆ, ಅದೇ ಗೈಡ್ ಸಿಗುವುದಾದರೆ ಮಾತ್ರ.